ವೈದ್ಯವಿದ್ಯಾರ್ಥಿಯೂ ಸಂಶೋಧನೆಯ ಶಿಕ್ಷಣವೂ

ವೈದ್ಯನಾಗತಕ್ಕವನು ಏನೇನನ್ನು ಕಲಿಯಬೇಕು ಎಂದು ಕೇಳಿದರೆ ನಮ್ಮಲ್ಲಿ ಯಾರಾದರೂ ಸುಲಭವಾಗಿ ಉತ್ತರ ಕೊಡಬಲ್ಲರು. ಶರೀರದ ರಚನೆ, ಅದರ ವ್ಯಾಪಾರ, ರೋಗಗಳ ಲಕ್ಷಣ, ಔಷಧಗಳ ಗುಣದೋಷ, ಶಸ್ತ್ರಚಿಕಿತ್ಸೆಯ ಹಸ್ತಕೌಶಲ ಇವೇ ಮೊದಲಾದುವು. ಇವೆಲ್ಲವೂ ಹಿಂದಿನವರು ಕಂಡುಹಿಡಿದು ಗ್ರಂಥಗಳಲ್ಲಿ ಬರೆದಿಟ್ಟಿರುವ ವಿಷಯಗಳು. ಗುರುವಿನಿಂದ ಶಿಷ್ಯನಿಗೆ ಬರತಕ್ಕವು. ಆದರೆ ಗ್ರಂಥದಲ್ಲಿ ಉತ್ತರವಿಲ್ಲದ ಪ್ರಶ್ನೆಯೊಂದು ಎದುರಾದಾಗ ವೈದ್ಯನು ಏನು ಮಾಡಬೇಕು? ಗ್ರಂಥದಲ್ಲಿರುವ ಉತ್ತರವೇ ತನ್ನ ಊರಿನ ರೋಗಿಗೆ ಒಪ್ಪುವುದೋ ಇಲ್ಲವೋ ಎಂಬ ಸಂದೇಹ ಬಂದಾಗ ಅದನ್ನು ಹೇಗೆ ಪರೀಕ್ಷಿಸಬೇಕು? ಇದು ಎರಡನೆಯ ವಿದ್ಯೆ. ಇದೇ ಸಂಶೋಧನೆಯ ವಿದ್ಯೆ. ಉನ್ನತ ವ್ಯಾಸಂಗಕ್ಕೆ ಬಂದ ತರುಣ ವೈದ್ಯರಿಗೆ ಇದನ್ನು ಯಾವ ರೀತಿಯಲ್ಲಿ ಕಲಿಸಬೇಕು, ಅದರಿಂದ ರೋಗಿಗೆ ಏನು ಪ್ರಯೋಜನ ಎಂಬುದನ್ನು ಈ ಭಾಷಣದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ. ಉದಾಹರಣೆಗಾಗಿ ದೂರ ದೇಶಕ್ಕೆ ಹೋಗಬೇಕಾದುದಿಲ್ಲ; ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ನಡೆದ ಒಂದು ಕಾರ್ಯವು ಇದಕ್ಕೆ ಸಾಕು.

ವೈದ್ಯಕೀಯ ಸಂಶೋಧನೆಯಲ್ಲಿ ಹಲವು ಮೆಟ್ಟಿಲುಗಳಿವೆ. ಪ್ರಯೋಗಶಾಲೆಯಲ್ಲಿ ರೋಗಾಣುವನ್ನೋ ರಾಸಾಯನಿಕ ವಸ್ತುವನ್ನೋ ಪರೀಕ್ಷಿಸುವುದು ಮೊದಲನೆಯದು. ಅಲ್ಲಿ ಕಂಡುದನ್ನು ರೋಗಿಯ ಹಾಸಿಗೆಯ ಬಳಿಗೆ ತಂದು, ಗುಣಕಾರಿಯೋ ಅಪಾಯಕಾರಿಯೋ ಎಂದು ತೂಗಿ ನೋಡುವುದು ಎರಡನೆಯದು. ಆಸ್ಪತ್ರೆಯಲ್ಲಿ ಗುಣವೆಂದು ಕಂಡುಬಂದುದನ್ನು ಊರೂರಿಗೂ ಮನೆಮನೆಗೂ ಮುಟ್ಟಿಸಿ, ಅಲ್ಲಿಯೂ ಅದು ಫಲಕೊಡುವುದೇ ಎಂದು ಪರಿಶೀಲಿಸುವುದು ಮೂರನೆಯದು. ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಜ್ಞಾನವನ್ನು ದಾಟಿಸುವ ಈ ಕೆಲಸಕ್ಕೆ ಇಂಗ್ಲಿಷಿನವರು ‘ಟ್ರಾನ್ಸ್‌ಲೇಷನಲ್’ ಸಂಶೋಧನೆ ಎಂದು ಹೆಸರಿಟ್ಟಿದ್ದಾರೆ. ಟ್ರಾನ್ಸ್‌ಲೇಷನ್ ಎಂದರೆ ಭಾಷಾಂತರವೆಂದು ನಾವೆಲ್ಲರೂ ಬಲ್ಲೆವು. ಪ್ರಯೋಗಶಾಲೆಯ ಭಾಷೆಯನ್ನು ಆಸ್ಪತ್ರೆಯ ಭಾಷೆಗೂ, ಆಸ್ಪತ್ರೆಯ ಭಾಷೆಯನ್ನು ಹಳ್ಳಿಯ ಭಾಷೆಗೂ ತರುವುದೆಂದು ಅರ್ಥಮಾಡಿಕೊಂಡರೆ ಆ ಹೆಸರು ಒಪ್ಪುತ್ತದೆ. ನಾವು ಇದನ್ನು ದಾಟಿಸುವ ಸಂಶೋಧನೆ ಎಂದು ಕರೆಯೋಣ.

ಈ ದಾಟುವಿಕೆ ತಾನಾಗಿಯೇ ನಡೆಯುವುದಿಲ್ಲ ಎಂಬುದಕ್ಕೆ ಒಂದು ನಿದರ್ಶನವನ್ನು ಹೇಳಬೇಕು. ಕ್ಷಯರೋಗಕ್ಕೆ ಇಂದಿಗೂ ಮುಖ್ಯವಾದ ಔಷಧಗಳಲ್ಲಿ ಐಸೋನಯಾಜಿಡ್ ಎಂಬುದು ಒಂದು. ಈ ವಸ್ತುವನ್ನು ೧೯೧೨ರಲ್ಲಿಯೇ ಪ್ರಾಗ್ ನಗರದಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರು ತಯಾರಿಸಿದ್ದರು. ಅದು ಕ್ಷಯದ ರೋಗಾಣುವನ್ನು ಕೊಲ್ಲುವುದೆಂದು ಗೊತ್ತಾದುದು ೧೯೫೧–೫೨ರ ಸುಮಾರಿಗೆ. ನಲವತ್ತು ವರ್ಷ ಕಾಲ ಮದ್ದು ಕಪಾಟಿನಲ್ಲಿತ್ತು, ರೋಗಿಯು ಹಾಸಿಗೆಯಲ್ಲಿದ್ದನು, ಇವೆರಡನ್ನೂ ಕೂಡಿಸತಕ್ಕ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ನಲವತ್ತು ವರ್ಷಗಳಲ್ಲಿ ಕ್ಷಯದಿಂದ ಮಡಿದವರ ಲೆಕ್ಕವನ್ನು ಯಾರು ಇಟ್ಟಾರು?

ಇನ್ನು ಎರಡನೆಯ ಮೆಟ್ಟಿಲು. ಒಂದು ಔಷಧವು ಗುಣಕಾರಿಯೆಂದು ಹೇಳುವುದು ಹೇಗೆ? ಕೊಟ್ಟೆವು, ಗುಣವಾಯಿತು ಎಂದರೆ ಸಾಲದು. ಕೊಡದಿದ್ದರೂ ಗುಣವಾಗುತ್ತಿತ್ತೇನೋ! ಆದುದರಿಂದ ಹೋಲಿಕೆ ಬೇಕು. ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧವು ಅಮೆರಿಕದಲ್ಲಿ ಬೆಳಕಿಗೆ ಬಂದಿತು. ಯುದ್ಧಾನಂತರದ ಬ್ರಿಟನ್ನಿನಲ್ಲಿ ಅದು ಎಲ್ಲರಿಗೂ ಸಾಲುವಷ್ಟು ದೊರೆಯುತ್ತಿರಲಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಚೀಟಿ ಎತ್ತಿದಂತೆ ದೈವಾಧೀನವಾಗಿ ನಿರ್ಧರಿಸುವ ಕ್ರಮವನ್ನು ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಏರ್ಪಡಿಸಿದರು. ೫೫ ರೋಗಿಗಳಿಗೆ ಔಷಧವೂ ವಿಶ್ರಾಂತಿಯೂ ದೊರೆತುವು. ೫೨ ರೋಗಿಗಳಿಗೆ ಅಂದಿನ ರೂಢಿಯಂತೆ ವಿಶ್ರಾಂತಿ ಮಾತ್ರ. ಆರು ತಿಂಗಳಾದ ಮೇಲೆ ಮೊದಲನೆಯ ಗುಂಪಿನಲ್ಲಿ ೪ ಮಂದಿಯೂ ಎರಡನೆಯದರಲ್ಲಿ ೧೪ ಮಂದಿಯೂ ತೀರಿಹೋಗಿದ್ದರು. ೧೯೪೮ರಲ್ಲಿ ಪ್ರಕಟವಾದ ಈ ವರದಿಯು ಇಂದಿನ ಚಿಕಿತ್ಸಾ ಪರೀಕ್ಷೆಗಳಿಗೆಲ್ಲ ಮಾದರಿಯಾಯಿತು. ಚೀಟಿಯನ್ನು ಏಕೆ ಎತ್ತಬೇಕು? ವೈದ್ಯನು ತಾನೇ ಆರಿಸಿದರೆ, ಬದುಕುವ ಲಕ್ಷಣವುಳ್ಳವರಿಗೆ ಮದ್ದನ್ನು ಕೊಟ್ಟು, ಉಳಿದವರನ್ನು ಬಿಟ್ಟುಬಿಡುವ ಸಂಭವವುಂಟು. ಅವನಿಗೇ ತಿಳಿಯದಂತೆ ಮನಸ್ಸು ಮೋಸ ಮಾಡುತ್ತದೆ. ತನ್ನ ಮನಸ್ಸಿನಿಂದಲೇ ತನ್ನನ್ನು ಕಾಪಾಡಿಕೊಳ್ಳುವ ಉಪಾಯವನ್ನು ಕಲಿಯುವುದು ಸಂಶೋಧನೆಯ ಮೊದಲನೆಯ ಪಾಠ.

ಔಷಧ ದೊರೆಯಿತು. ಅದನ್ನು ಕೊಡತಕ್ಕದ್ದು ಎಲ್ಲಿ? ಅದುವರೆಗೂ ಕ್ಷಯರೋಗಿಗೆ ಆರೋಗ್ಯಧಾಮವೇ ಗತಿಯೆಂದು ಎಲ್ಲರೂ ನಂಬಿದ್ದರು. ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ, ತಿಂಗಳುಗಟ್ಟಲೆ ವಿಶ್ರಾಂತಿ ಇವು ಚಿಕಿತ್ಸೆಯ ಅಂಗಗಳಾಗಿದ್ದುವು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಇರುವ ಆರೋಗ್ಯಧಾಮವು ಈ ನಂಬಿಕೆಯ ಸ್ಮಾರಕವೂ ಹೌದು, ಅರಮನೆಯನ್ನೂ ಬಿಡದ ಆ ರೋಗದ ಸ್ಮಾರಕವೂ ಹೌದು. ಆದರೆ ದೇಶದಲ್ಲಿದ್ದ ರೋಗಿಗಳು ಲಕ್ಷಾಂತರ. ಹಾಸಿಗೆಗಳು ಸಾವಿರದ ಲೆಕ್ಕದಲ್ಲಿ. ೧೯೫೬ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕೇಂದ್ರವೊಂದರಲ್ಲಿ ವ್ಯಾಲೇಸ್ ಫಾಕ್ಸ್ ಮತ್ತು ಅವರ ಸಹೋದ್ಯೋಗಿಗಳು ಪುನಃ ಚೀಟಿ ಎತ್ತಿದರು. ೧೯೩ ರೋಗಿಗಳಲ್ಲಿ ಸುಮಾರು ಅರ್ಧ ಮಂದಿ ಆರೋಗ್ಯಧಾಮಕ್ಕೆ ಹೋದರು. ಉಳಿದವರು ನಗರದ ಇಕ್ಕಟ್ಟಾದ ಮನೆಗಳಲ್ಲಿಯೇ ಇದ್ದು ಅದೇ ಔಷಧವನ್ನು ಸೇವಿಸಿದರು. ೧೯೫೯ರಲ್ಲಿ ಫಲಿತಾಂಶವು ಪ್ರಕಟವಾದಾಗ ವೈದ್ಯಲೋಕವು ಬೆರಗಾಯಿತು. ಆಹಾರ ಕಡಿಮೆ, ಜಾಗ ಕಡಿಮೆ. ಆದರೂ ಮನೆಯಲ್ಲಿದ್ದವರು ಆರೋಗ್ಯಧಾಮದಲ್ಲಿದ್ದವರಿಗೆ ಹೆಚ್ಚು ಹಿಂದೆ ಬೀಳಲಿಲ್ಲ. ಮನೆಯವರಿಗೆ ಸೋಂಕಿನ ಅಪಾಯವೂ ಅದರಿಂದ ಹೆಚ್ಚಲಿಲ್ಲ. ರೋಗಿಯು ಮನೆಯಲ್ಲಿಯೇ ಗುಣವಾಗಬಲ್ಲನೆಂದು ಆಗ ಸಿದ್ಧವಾಯಿತು.

ಹಾಗಾದರೆ ಇನ್ನುಳಿದ ಪ್ರಶ್ನೆ ಯಾವುದು? ಮನೆಯಲ್ಲಿರುವ ರೋಗಿಯನ್ನು ಕಂಡುಹಿಡಿಯುವುದು. ಇಲ್ಲಿ ನಮ್ಮ ತುಮಕೂರು ಜಿಲ್ಲೆಯು ಕಥೆಯೊಳಕ್ಕೆ ಪ್ರವೇಶಿಸುತ್ತದೆ.

೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಗೊಂಡಿತು. ಇಡೀ ದೇಶಕ್ಕೆ ಒಪ್ಪುವ ಕ್ಷಯ ನಿವಾರಣಾ ಕ್ರಮವನ್ನು ರೂಪಿಸುವುದೂ, ಅದಕ್ಕೆ ಬೇಕಾದ ಕಾರ್ಯಕರ್ತರನ್ನು ತರಬೇತುಗೊಳಿಸುವುದೂ ಅದರ ಉದ್ದೇಶ. ರೋಗವು ಎಷ್ಟು ಹರಡಿದೆಯೆಂದು ತಿಳಿಯುವುದಕ್ಕಾಗಿ ಅದು ತುಮಕೂರು ಜಿಲ್ಲೆಯನ್ನು ಆರಿಸಿಕೊಂಡಿತು. ಇಷ್ಟ ಬಂದ ಹಳ್ಳಿಗಳನ್ನಲ್ಲದೆ, ಚೀಟಿ ಎತ್ತುವ ಕ್ರಮದಿಂದಲೇ ಆರಿಸಿದ ಹಳ್ಳಿಗಳನ್ನೂ ಪಟ್ಟಣಗಳ ಕೆಲವು ಭಾಗಗಳನ್ನೂ ಹೊಕ್ಕು, ಮನೆಮನೆಯ ಜನರನ್ನು ಪಟ್ಟಿ ಮಾಡಿ, ಎದೆಯ ಕ್ಷಕಿರಣ ಚಿತ್ರವನ್ನು ತೆಗೆದು, ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ರಾಜ್ ನಾರಾಯಣ್ ಮತ್ತು ಅವರ ಸಹೋದ್ಯೋಗಿಗಳು ೧೯೬೩ರಲ್ಲಿ ಈ ವರದಿಯನ್ನು ಪ್ರಕಟಿಸಿದರು. ಸಾವಿರ ಜನರಲ್ಲಿ ಸುಮಾರು ನಾಲ್ವರ ಕಫದಲ್ಲಿ ರೋಗಾಣು ಕಂಡುಬಂದಿತು. ಸಂಖ್ಯೆ ಚಿಕ್ಕದೆಂದು ತೋರಬಹುದು. ಆದರೆ ಐದು ಸಾವಿರ ಜನರಿರುವ ಒಂದು ಹೋಬಳಿಕೇಂದ್ರದಲ್ಲಿ ಇಪ್ಪತ್ತು ಮಂದಿ ಎಂದಾಯಿತು. ಅವರಲ್ಲಿ ಒಬ್ಬೊಬ್ಬನೂ ಕೆಮ್ಮಿದಾಗಲೆಲ್ಲ ಮತ್ತೊಬ್ಬನಿಗೆ ರೋಗವನ್ನು ಹಂಚಬಲ್ಲನು.

ಆ ಕಾಲದ ತಜ್ಞರಲ್ಲಿ ಒಂದು ಅಭಿಪ್ರಾಯವು ಬೇರೂರಿತ್ತು. ಹಳ್ಳಿಯ ಜನರು ಅಜ್ಞರು, ರೋಗವಿದ್ದರೂ ತಿಳಿಯದು, ತಿಳಿದರೂ ಆಸ್ಪತ್ರೆಗೆ ಬರುವುದಿಲ್ಲ, ಆದುದರಿಂದ ಕ್ಷಕಿರಣ ಯಂತ್ರಗಳನ್ನು ಮೋಟಾರು ಗಾಡಿಗಳಲ್ಲಿಟ್ಟುಕೊಂಡು ಊರೂರು ತಿರುಗಿ ನಾವೇ ಅವರನ್ನು ಹುಡುಕಬೇಕು ಎಂದು. ಇದಕ್ಕೆ ಬೇಕಾದ ಹಣ, ಗಾಡಿ, ಯಂತ್ರಗಳು ದೇಶದಲ್ಲಿ ಇರಲಿಲ್ಲ. ಆದರೆ ಈ ಅಭಿಪ್ರಾಯವೇ ನಿಜವೋ ಎಂದು ಯಾರೂ ಪರೀಕ್ಷಿಸಿರಲಿಲ್ಲ. ದೇಬಬರ್ ಬ್ಯಾನರ್ಜಿಯವರು ವೈದ್ಯಶಾಸ್ತ್ರದೊಡನೆ ಮಾನವಶಾಸ್ತ್ರವನ್ನೂ ಅಭ್ಯಾಸ ಮಾಡಿದ್ದವರು. ಅವರೂ ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್ನರೂ ಕೂಡಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. ಜಿಲ್ಲೆಯ ೩೪ ಹಳ್ಳಿಗಳಲ್ಲಿಯೂ ಪಟ್ಟಣದ ೪ ಭಾಗಗಳಲ್ಲಿಯೂ, ಕ್ಷಕಿರಣ ಚಿತ್ರದಲ್ಲಿ ರೋಗದ ಕುರುಹು ಕಂಡವರನ್ನೂ, ಅವರಿಗೆ ವಯಸ್ಸು ಮೊದಲಾದುವುಗಳಲ್ಲಿ ಸಮಾನರಾದ ಆರೋಗ್ಯವಂತರನ್ನೂ ಕಂಡು, ಅವರ ಆರೋಗ್ಯದ ವಿಷಯವಾಗಿ ಮಾತನಾಡಿಸಿದರು.

ಬಂದ ಉತ್ತರವು ಆಶ್ಚರ್ಯಕರವಾಗಿತ್ತು. ಕಫದಲ್ಲಿ ರೋಗಾಣುವಿದ್ದವರ ಪೈಕಿ ನೂರಕ್ಕೆ ಸುಮಾರು ೯೫ ಮಂದಿಗೆ ತಮ್ಮ ದೇಹಸ್ಥಿತಿ ಕೆಟ್ಟಿದೆಯೆಂಬ ಅರಿವಿತ್ತು. ಸುಮಾರು ೭೦ ಮಂದಿ ಅದಕ್ಕಾಗಿ ಚಿಂತೆಪಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಂತಿಸಿ ಸುಮ್ಮನಿರದೆ ಚಿಕಿತ್ಸೆಯನ್ನು ಅರಸಿಕೊಂಡು ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ದೊರೆತುದೇನು? ಕೆಮ್ಮಿನ ಮಿಶ್ರಣದ ಒಂದು ಸೀಸೆ. ಕಫವನ್ನು ಪರೀಕ್ಷಿಸಿದವರಿಲ್ಲ, ಕ್ಷಯವೆಂದು ಹೇಳಿದವರಿಲ್ಲ. ರೋಗಿಯು ವೈದ್ಯನನ್ನು ಹುಡುಕಿಕೊಂಡು ಬಂದಿದ್ದನು. ವೈದ್ಯನು ಅವನನ್ನು ಗುರುತಿಸದೆ ಹಿಂದಕ್ಕೆ ಕಳುಹಿಸಿದ್ದನು. ಅಜ್ಞಾನವು ಎಲ್ಲಿತ್ತೆಂಬುದನ್ನು ಶ್ರೋತೃಗಳೇ ತೀರ್ಮಾನಿಸಬಹುದು.

೧೯೬೨ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಈ ಅರಿವು ಒಂದು ತಳಹದಿಯಾಯಿತು. ರೋಗಿಗಳ ಬೆನ್ನಟ್ಟಿ ಗಾಡಿ ಓಡಿಸುವುದಕ್ಕೆ ಬದಲಾಗಿ, ಅವರು ತಾವಾಗಿಯೇ ಬರುವ ಸಾಮಾನ್ಯ ಆಸ್ಪತ್ರೆಯಲ್ಲಿ ಒಂದು ಸೂಕ್ಷ್ಮದರ್ಶಕವನ್ನಿಟ್ಟು, ದೀರ್ಘಕಾಲದ ಕೆಮ್ಮುಳ್ಳವರ ಕಫವನ್ನು ನೋಡತಕ್ಕದ್ದು. ರೋಗ ಕಂಡರೆ ಉಚಿತವಾಗಿ ಔಷಧ ಕೊಡತಕ್ಕದ್ದು. ಪ್ರತಿ ಜಿಲ್ಲೆಗೂ ಒಂದು ಕೇಂದ್ರವಿದ್ದು ಇವೆಲ್ಲವನ್ನೂ ನೋಡಿಕೊಳ್ಳತಕ್ಕದ್ದು ಎಂಬುದು ಅದರ ಸಾರ. ಜಿಲ್ಲೆಗಳಿಗೆ ಬೇಕಾದ ವೈದ್ಯಾಧಿಕಾರಿ, ಪ್ರಯೋಗಶಾಲೆಯ ಸಹಾಯಕ, ಕ್ಷಕಿರಣ ಸಹಾಯಕ, ಚಿಕಿತ್ಸೆಯ ವ್ಯವಸ್ಥಾಪಕ, ಲೆಕ್ಕ ನೋಡುವ ಸಹಾಯಕ ಇವರನ್ನು ಬೆಂಗಳೂರಿನ ಸಂಸ್ಥೆಯು ಒಂದೇ ತಂಡವಾಗಿ ತರಬೇತುಗೊಳಿಸಿತು. ಕಾರ್ಯಕ್ರಮವು ಮುಂದೆ ಎಲ್ಲೆಡೆಯೂ ಎಣಿಸಿದಂತೆ ನಡೆಯಲಿಲ್ಲವೆಂಬುದು ನಿಜ. ಚಿಕಿತ್ಸೆಯನ್ನು ಪೂರೈಸಿದವರು ತೀರ ಕಡಿಮೆಯೆಂದು ೧೯೯೨ರ ಪರಿಶೀಲನೆಯಲ್ಲಿ ಕಂಡುಬಂದು, ೧೯೯೭ರಿಂದ ಅದನ್ನು ಪರಿಷ್ಕರಿಸಿದ ರೂಪದಲ್ಲಿ ನಡೆಸಲಾಯಿತು. ಆದರೆ ರೋಗಿಯು ಬರುವ ಬಾಗಿಲಲ್ಲಿಯೇ ಅವನನ್ನು ಗುರುತಿಸಬೇಕೆಂಬ ತತ್ತ್ವವು ಪರಿಷ್ಕಾರದಲ್ಲಿಯೂ ಉಳಿದುಕೊಂಡಿತು.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ಸಂಶೋಧನೆಯ ಶಿಕ್ಷಣದಲ್ಲಿ ಕಲಿಯತಕ್ಕ ವಿಷಯಗಳೆಲ್ಲವೂ ಇದರಲ್ಲಿ ಅಡಗಿವೆ. ಎಲ್ಲರೂ ಒಪ್ಪಿದ್ದ ಮಾತನ್ನೇ ಪ್ರಶ್ನೆಯಾಗಿ ಮಾರ್ಪಡಿಸುವುದು ಮೊದಲನೆಯದು. ನೋಡತಕ್ಕ ಜನರನ್ನು ತನ್ನ ಅನುಕೂಲಕ್ಕಾಗಿ ಆರಿಸದೆ ನಿಯಮದಿಂದ ಆರಿಸುವುದು ಎರಡನೆಯದು. ಹೋಲಿಸುವುದಕ್ಕೆ ಮತ್ತೊಂದು ಗುಂಪನ್ನು ಇಟ್ಟುಕೊಳ್ಳುವುದು ಮೂರನೆಯದು. ಉತ್ತರವನ್ನು ತಾನೇ ರೋಗಿಯ ಬಾಯಲ್ಲಿ ಇಡದಂತೆ ಪ್ರಶ್ನೆ ಕೇಳುವುದು ನಾಲ್ಕನೆಯದು. ವೈದ್ಯ, ಸಂಖ್ಯಾಶಾಸ್ತ್ರಜ್ಞ, ಸಮಾಜಶಾಸ್ತ್ರಜ್ಞ, ಪ್ರಯೋಗಶಾಲೆಯ ಸಹಾಯಕ ಇವರು ಒಬ್ಬರ ಮಾತನ್ನೊಬ್ಬರು ಅರ್ಥಮಾಡಿಕೊಂಡು ದುಡಿಯುವುದು ಐದನೆಯದು. ಇವುಗಳಲ್ಲಿ ಯಾವುದೂ ಪುಸ್ತಕವನ್ನು ಓದಿದ ಮಾತ್ರಕ್ಕೆ ಬರತಕ್ಕದ್ದಲ್ಲ. ಈಜನ್ನು ನೀರಿನಲ್ಲಿಯೇ ಕಲಿಯಬೇಕು.

ಇಂದು ನಮ್ಮ ರಾಜ್ಯದಲ್ಲಿ ಈ ಶಿಕ್ಷಣದ ಏರ್ಪಾಡು ಹೇಗಿದೆ? ವೈದ್ಯಪದವಿಯನ್ನು ಪಡೆದು ಮೂರು ವರ್ಷದ ಉನ್ನತ ವ್ಯಾಸಂಗಕ್ಕೆ ಸೇರಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರಬಂಧವನ್ನು ಬರೆದೊಪ್ಪಿಸಬೇಕು. ಒಪ್ಪಿಸದಿದ್ದರೆ ಅಂತಿಮ ಪರೀಕ್ಷೆಗೆ ಪ್ರವೇಶವಿಲ್ಲ. ೧೯೯೬ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಿಂದ ವರ್ಷವರ್ಷವೂ ಇಂಥ ಪ್ರಬಂಧಗಳು ರಾಶಿರಾಶಿಯಾಗಿ ಬರುತ್ತವೆ. ಮದರಾಸಿನ, ಎಂದರೆ ಇಂದಿನ ಚೆನ್ನೈಯ, ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯು ನಡೆಸುವ ಸಂಶೋಧನಾ ವಿಧಾನದ ಪಾಠಕ್ರಮವನ್ನು ಮುಗಿಸುವುದೂ ಕಡ್ಡಾಯವಾಗಿದೆ. ಹೆಚ್ಚಿನ ಆಸಕ್ತಿಯುಳ್ಳವರಿಗೆ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿಯೂ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಲ್ಲಿಯೂ ಸಂಶೋಧನೆಗೆ ಅವಕಾಶವಿದೆ. ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯ ಮೇಲೆ ೧೯೦೯ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯು ಕೂಡ, ವೈದ್ಯನೇ ವಿಜ್ಞಾನಿಯೂ ಆಗುವಂಥ ಜಂಟಿ ವ್ಯಾಸಂಗವನ್ನು ಗುರಿಯಾಗಿಟ್ಟುಕೊಂಡು ವೈದ್ಯಕೀಯ ಶಾಲೆಯನ್ನೂ ಆಸ್ಪತ್ರೆಯನ್ನೂ ಸ್ಥಾಪಿಸುವ ಯೋಜನೆಯನ್ನು ೨೦೨೨ರಲ್ಲಿ ಪ್ರಕಟಿಸಿತು.

ಏರ್ಪಾಡು ಇದೆ, ಆದರೆ ಪ್ರಬಂಧಗಳಲ್ಲಿ ಬಹುಭಾಗವು ಪರೀಕ್ಷಕನ ಮೇಜಿನಿಂದ ಗ್ರಂಥಾಲಯದ ಕಪಾಟಿಗೆ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಐಸೋನಯಾಜಿಡ್ಡಿಗೆ ಬಂದ ಗತಿಯೇ ಇವುಗಳಿಗೂ ಬರುತ್ತದೆ. ಕಾರಣವು ಗೂಢವಾದುದೇನೂ ಅಲ್ಲ. ಹಗಲಿರುಳು ರೋಗಿಗಳ ಆರೈಕೆಯಲ್ಲಿ ಮುಳುಗಿರುವ ವಿದ್ಯಾರ್ಥಿಯು ಮೊದಲ ಕೆಲವು ತಿಂಗಳುಗಳಲ್ಲಿಯೇ ವಿಷಯವನ್ನು ಆರಿಸಬೇಕು. ಆಗ ಅವನಿಗೆ ಪ್ರಶ್ನೆಯೇ ಹುಟ್ಟಿರುವುದಿಲ್ಲ. ಹಿಂದಿನ ವರ್ಷದ ಪ್ರಬಂಧವನ್ನು ನೋಡಿ, ಊರಿನ ಹೆಸರನ್ನೂ ರೋಗಿಗಳ ಸಂಖ್ಯೆಯನ್ನೂ ಬದಲಾಯಿಸಿ ಮತ್ತೊಂದನ್ನು ಸಿದ್ಧಪಡಿಸುವ ಆಸೆಯು ಸಹಜವಾಗಿಯೇ ಬರುತ್ತದೆ. ನಿಯಮವನ್ನು ಪೂರೈಸಿದಂತಾಯಿತು, ವಿದ್ಯೆ ಬರಲಿಲ್ಲ. ಪ್ರಬಂಧವು ಶಿಕ್ಷಣದ ಸಾಧನವಾಗಬೇಕೇ ಹೊರತು ಶಿಕ್ಷಣದ ಸುಂಕವಾಗಬಾರದು.

ಇತ್ತೀಚೆಗೆ ಬಂದಿರುವ ಒಂದು ನಿಯಮವು ಈ ದೋಷವನ್ನು ತಿದ್ದುವುದಕ್ಕೆ ಅನುಕೂಲವಾಗಬಹುದು. ಉನ್ನತ ವ್ಯಾಸಂಗದ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂದು ಈಗ ವಿಧಿಸಿದ್ದಾರೆ. ಇದನ್ನು ಒಂದು ಹೊರೆಯೆಂದು ಎಣಿಸುವವರೂ ಇದ್ದಾರೆ. ಆದರೆ ದೊಡ್ಡ ಆಸ್ಪತ್ರೆಯೊಳಗೆ ಕಾಣದಿರುವುದು ಅಲ್ಲಿ ಕಾಣುತ್ತದೆ. ತುಮಕೂರಿನ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ನಗರದ ಅಂಚಿನ ಸತ್ಯಮಂಗಲವು ಇಂದು ಕಾರ್ಖಾನೆಗಳ ಪ್ರದೇಶ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಿಂದ ಬಂದ ಕೂಲಿಗಾರನೊಬ್ಬನಿಗೆ ಮೂರು ವಾರದಿಂದ ಕೆಮ್ಮು ಎಂದು ಭಾವಿಸೋಣ. ಅವನು ಮೊದಲು ಎಲ್ಲಿಗೆ ಹೋದನು? ಔಷಧದ ಅಂಗಡಿಗೋ, ಬೀದಿಯ ಖಾಸಗಿ ವೈದ್ಯರ ಬಳಿಗೋ, ಸರ್ಕಾರಿ ಆಸ್ಪತ್ರೆಗೋ? ಎಷ್ಟು ದಿನ ಕಳೆಯಿತು? ಎಷ್ಟು ಕೂಲಿ ಹೋಯಿತು? ಅವನ ಕಫವನ್ನು ಮೊದಲು ಯಾರು ಕೇಳಿದರು? ಇದು ಪ್ರಯೋಗಶಾಲೆಯಿಲ್ಲದೆಯೂ, ಹೆಚ್ಚಿನ ಹಣವಿಲ್ಲದೆಯೂ ಕೇಳಬಹುದಾದ ಪ್ರಶ್ನೆ.

ಆದರೆ ಅದನ್ನು ಶಾಸ್ತ್ರೋಕ್ತವಾಗಿ ಕೇಳಬೇಕು. ಎಷ್ಟು ಮಂದಿಯನ್ನು ಕೇಳಿದರೆ ಸಾಕು? ಇಲ್ಲಿ ಸಂಖ್ಯಾಶಾಸ್ತ್ರವು ನೆರವಿಗೆ ಬರುತ್ತದೆ. ಸುಮಾರು ಅರ್ಧದಷ್ಟು ಜನರಲ್ಲಿ ಇರಬಹುದಾದ ಒಂದು ಸಂಗತಿಯನ್ನು ನೂರಕ್ಕೆ ಹತ್ತು ಹೆಚ್ಚುಕಡಿಮೆಯೊಳಗೆ ಅಳೆಯಬೇಕಾದರೆ ಸುಮಾರು ೯೬ ಮಂದಿ ಸಾಕು. ನೂರಕ್ಕೆ ಐದು ಹೆಚ್ಚುಕಡಿಮೆಯೊಳಗೆ ಅಳೆಯಬೇಕಾದರೆ ಸುಮಾರು ೩೮೪ ಮಂದಿ ಬೇಕು. ನಿಖರತೆಯನ್ನು ಇಮ್ಮಡಿ ಮಾಡಬೇಕಾದರೆ ದುಡಿಮೆಯನ್ನು ನಾಲ್ಮಡಿ ಮಾಡಬೇಕು. ಈ ಲೆಕ್ಕವನ್ನು ಅರಿತ ವಿದ್ಯಾರ್ಥಿಯು ಇಪ್ಪತ್ತು ರೋಗಿಗಳನ್ನು ನೋಡಿ ಇಡೀ ನಾಡಿನ ವಿಷಯವಾಗಿ ತೀರ್ಪು ಹೇಳುವ ಸಾಹಸಕ್ಕೆ ಇಳಿಯುವುದಿಲ್ಲ.

ಮತ್ತೊಂದು ಪಾಠವೂ ಇದೆ. ಯಾವ ಸಂಖ್ಯೆಯನ್ನು ಕಂಡರೂ ‘ಯಾರ ಪೈಕಿ?’ ಎಂದು ಕೇಳತಕ್ಕದ್ದು. ೨೦೧೯ರಿಂದ ೨೦೨೧ರವರೆಗೆ ದೇಶದಾದ್ಯಂತ ನಡೆದ ಕ್ಷಯರೋಗ ಸಮೀಕ್ಷೆಯಲ್ಲಿ, ರೋಗಲಕ್ಷಣವಿದ್ದವರ ಪೈಕಿ ನೂರಕ್ಕೆ ೬೪ ಮಂದಿ ಚಿಕಿತ್ಸೆಯನ್ನು ಅರಸಿ ಎಲ್ಲಿಗೂ ಹೋಗಿರಲಿಲ್ಲವೆಂದು ಕಂಡುಬಂದಿತು. ತುಮಕೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೋಗಿದ್ದರಲ್ಲ, ಅರವತ್ತು ವರ್ಷಗಳಲ್ಲಿ ಜನರು ಹಿಂದೆ ಬಿದ್ದರೇ ಎಂದು ಅವಸರದಿಂದ ಕೇಳಬಾರದು. ತುಮಕೂರಿನ ಲೆಕ್ಕವು ಕಫದಲ್ಲಿ ರೋಗಾಣುವಿದ್ದವರ ಲೆಕ್ಕ; ಹೊಸ ಸಮೀಕ್ಷೆಯದು ಕೆಮ್ಮು, ಜ್ವರ ಮೊದಲಾದ ಲಕ್ಷಣವುಳ್ಳ ಎಲ್ಲರ ಲೆಕ್ಕ. ರೋಗವು ಬಲಿತವನು ಬೇಗ ವೈದ್ಯನನ್ನು ಅರಸುವನು. ಸಾಧಾರಣ ಕೆಮ್ಮಿನವನು ಸುಮ್ಮನಿರುವನು. ಎರಡು ತಕ್ಕಡಿಗಳ ತೂಕವನ್ನು ಒಂದೇ ಎಂದು ತಿಳಿದರೆ ವ್ಯಾಪಾರ ಕೆಡುತ್ತದೆ. ಆದರೂ ಈ ಹೊಸ ಸಂಖ್ಯೆಯು ನಮ್ಮನ್ನು ಎಚ್ಚರಿಸುತ್ತದೆ: ತುಮಕೂರಿನ ಹಳೆಯ ಉತ್ತರವನ್ನು ಎಂದೆಂದಿಗೂ ಸತ್ಯವೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಪ್ರತಿ ತಲೆಮಾರಿನ ವೈದ್ಯರೂ ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು.

ಸಂಶೋಧನೆಗೆ ಒಳಪಡುವವನು ಮನುಷ್ಯ. ಅವನ ಒಪ್ಪಿಗೆಯಿಲ್ಲದೆ ಯಾವುದನ್ನೂ ಮಾಡತಕ್ಕದ್ದಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೆರೆಯಾಳುಗಳ ಮೇಲೆ ನಡೆದ ಕ್ರೂರ ಪ್ರಯೋಗಗಳ ವಿಚಾರಣೆಯಾದ ಮೇಲೆ, ೧೯೪೭ರಲ್ಲಿ, ಈ ತತ್ತ್ವವು ನ್ಯೂರೆಂಬರ್ಗಿನಲ್ಲಿ ಸ್ಪಷ್ಟವಾಗಿ ಘೋಷಿತವಾಯಿತು. ನಮ್ಮ ದೇಶದಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೧೯೮೦ರಿಂದ ನೀತಿಸೂತ್ರಗಳನ್ನು ಹೊರಡಿಸುತ್ತ ಬಂದಿದೆ. ೨೦೧೭ರಲ್ಲಿ ಅವನ್ನು ವಿಸ್ತರಿಸಿತು. ಪ್ರತಿ ಸಂಶೋಧನೆಯನ್ನೂ ಒಂದು ನೀತಿ ಸಮಿತಿಯು ಮೊದಲೇ ಪರಿಶೀಲಿಸಬೇಕು. ಚಿಕಿತ್ಸಾ ಪರೀಕ್ಷೆಯಾದರೆ ೨೦೦೭ರಲ್ಲಿ ತೆರೆದ ರಾಷ್ಟ್ರೀಯ ದಾಖಲೆ ಪುಸ್ತಕದಲ್ಲಿ ಅದನ್ನು ಮುಂಚಿತವಾಗಿಯೇ ನಮೂದಿಸಬೇಕು; ೨೦೦೯ರಿಂದ ಇದು ಕಡ್ಡಾಯ. ಫಲ ಚೆನ್ನಾಗಿ ಬಂದರೆ ಪ್ರಕಟಿಸಿ, ಬಾರದಿದ್ದರೆ ಬಚ್ಚಿಡುವ ದುರಾಶೆಗೆ ಇದು ಕಡಿವಾಣ.

ಆದರೆ ಒಪ್ಪಿಗೆಯೆಂದರೆ ಹೆಬ್ಬೆಟ್ಟಿನ ಗುರುತಲ್ಲ, ತಿಳಿವಳಿಕೆ. ಇಲ್ಲಿ ಭಾಷಾಂತರವೆಂಬ ಮಾತು ಅಕ್ಷರಶಃ ಅನ್ವಯಿಸುತ್ತದೆ. ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಿರುಗಿಸಿದರೆ ‘ಯಾದೃಚ್ಛಿಕ ವಿನ್ಯಾಸ’ವೆಂದೋ ‘ನಿಯಂತ್ರಿತ ಸಮೂಹ’ವೆಂದೋ ಆಗುತ್ತದೆ. ಪಂಡಿತರಿಗೂ ಅರ್ಥವಾಗದ ಈ ಮಾತಿಗೆ ಗುಬ್ಬಿಯ ರೈತನು ಒಪ್ಪಿದನೆಂದರೆ ಏನು ಬಂತು? ‘ಈ ಎರಡು ಮದ್ದುಗಳಲ್ಲಿ ಯಾವುದು ಮೇಲೆಂದು ನಮಗೂ ಇನ್ನೂ ಗೊತ್ತಿಲ್ಲ. ನಿಮಗೆ ಯಾವುದು ಬರುವುದೆಂದು ಚೀಟಿ ಎತ್ತಿ ಗೊತ್ತುಮಾಡುತ್ತೇವೆ. ನೀವು ಬೇಡವೆಂದರೆ ಬೇಡ. ನಿಮಗೆ ಆಗಬೇಕಾದ ಚಿಕಿತ್ಸೆಗೆ ಕೊರತೆಯಾಗುವುದಿಲ್ಲ’ ಎಂದು ಹೇಳಿದರೆ ಯಾರಿಗೂ ಅರ್ಥವಾಗುತ್ತದೆ. ಹೀಗೆ ಹೇಳಬಲ್ಲ ವಿದ್ಯಾರ್ಥಿಯೇ ತನ್ನ ಸಂಶೋಧನೆಯನ್ನು ತಾನು ಅರಿತವನು. ‘ನಮಗೂ ಗೊತ್ತಿಲ್ಲ’ ಎಂದು ರೋಗಿಯೆದುರಿಗೆ ನುಡಿಯಲು ವಿನಯ ಬೇಕು. ಅದು ಬಹುಶಃ ಈ ವಿದ್ಯೆಯಲ್ಲಿ ಅತ್ಯಂತ ಕಠಿಣವಾದ ಪಾಠ.

ಇಂಥ ಶಿಕ್ಷಣದ ಫಲವು ಎಷ್ಟರಮಟ್ಟಿಗೆ ಬರಬಹುದು ಎಂಬುದಕ್ಕೆ ನಮ್ಮ ರಾಜ್ಯದವರೇ ಇತ್ತೀಚೆಗೆ ಉದಾಹರಣೆಯನ್ನು ಒದಗಿಸಿದ್ದಾರೆ. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಅಧ್ಯಾಪಕರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು, ಚೆನ್ನೈಯ ಕ್ಷಯರೋಗ ಸಂಶೋಧನಾ ಸಂಸ್ಥೆಯೇ ಮೊದಲಾದವುಗಳೊಡನೆ ಸೇರಿ, ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಕ್ಷಯರೋಗಿಗಳು ೨೮೦೦ ಮಂದಿ. ಅವರ ಮನೆಯವರು ೧೦,೩೪೫ ಮಂದಿ. ರೋಗಿಗಳೆಲ್ಲರಿಗೂ ಔಷಧದೊಡನೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಗಳಿರುವ ಪಡಿಯನ್ನು ಕೊಟ್ಟರು. ಒಂದು ಗುಂಪಿನಲ್ಲಿ ಮನೆಯವರಿಗೂ ಪಡಿಯನ್ನು ಕೊಟ್ಟರು, ಮತ್ತೊಂದರಲ್ಲಿ ಕೊಡಲಿಲ್ಲ. ಪಡಿ ದೊರೆತ ಮನೆಗಳಲ್ಲಿ ಹೊಸದಾಗಿ ಕ್ಷಯಕ್ಕೆ ಗುರಿಯಾದವರು ನೂರಕ್ಕೆ ಸುಮಾರು ೩೯ರಷ್ಟು ಕಡಿಮೆಯಾದರು ಎಂಬ ಫಲಿತಾಂಶವು ೨೦೨೩ರಲ್ಲಿ ಪ್ರಕಟವಾಯಿತು. ಆರೋಗ್ಯಧಾಮದ ಹಳೆಯ ವೈದ್ಯರು ಆಹಾರಕ್ಕೆ ಕೊಟ್ಟಿದ್ದ ಪ್ರಾಧಾನ್ಯವನ್ನು ಮದರಾಸಿನ ಪರೀಕ್ಷೆಯು ತಗ್ಗಿಸಿತ್ತು. ಔಷಧ ಸೇವಿಸುವವನು ಗುಣವಾಗುವುದಕ್ಕೆ ಆರೋಗ್ಯಧಾಮದ ಊಟವೇ ಬೇಕಾಗಿಲ್ಲವೆಂಬುದು ಆಗ ತಿಳಿಯಿತು. ಮನೆಯವರಿಗೆ ರೋಗ ಬಾರದಂತೆ ತಡೆಯುವುದಕ್ಕೆ ಊಟವು ಬೇಕೆಂಬುದು ಈಗ ತಿಳಿಯಿತು. ಎರಡೂ ನಿಜ. ಪ್ರಶ್ನೆ ಬೇರೆಯಾದುದರಿಂದ ಉತ್ತರವೂ ಬೇರೆಯಾಯಿತು. ಇಲ್ಲಿ ಬೇಕಾದುದು ಹೊಸ ಯಂತ್ರವಲ್ಲ, ಹೊಸ ಔಷಧವೂ ಅಲ್ಲ. ಅಕ್ಕಿ ಬೇಳೆಯನ್ನು ಕೂಡ ತಕ್ಕಡಿಯಲ್ಲಿಟ್ಟು ತೂಗಿ ನೋಡುವ ಶಿಸ್ತು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಜನರು ನಮ್ಮ ದೇಶದಲ್ಲಿದ್ದಾರೆ. ಅವರಿಗೆ ಬೇಕಾದ ಔಷಧಗಳು ಬಹುಮಟ್ಟಿಗೆ ನಮ್ಮಲ್ಲಿವೆ. ಕೊರತೆಯಿರುವುದು ಔಷಧಕ್ಕೂ ರೋಗಿಗೂ ನಡುವಣ ದಾರಿಯಲ್ಲಿ. ಆ ದಾರಿಯಲ್ಲಿ ಎಲ್ಲಿ ಹಳ್ಳವಿದೆ, ಎಲ್ಲಿ ಸೇತುವೆ ಮುರಿದಿದೆ ಎಂದು ನಡೆದು ನೋಡಿ ಹೇಳತಕ್ಕವರು ಬೇಕು. ಇದು ಕ್ಷಯಕ್ಕೆ ಮಾತ್ರ ಸಲ್ಲುವ ಮಾತಲ್ಲ. ಮಧುಮೇಹಕ್ಕೂ, ಹೃದ್ರೋಗಕ್ಕೂ, ಮನೋರೋಗಕ್ಕೂ ಸಲ್ಲುತ್ತದೆ. ಎಲ್ಲ ವೈದ್ಯರೂ ಸಂಶೋಧಕರಾಗಬೇಕೆಂದು ನಾನು ಹೇಳುವುದಿಲ್ಲ. ರೋಗಿಗಳನ್ನು ನೋಡುವುದೇ ಬಹುಮಂದಿಯ ಧರ್ಮ. ಆದರೆ ಸಂಶೋಧನೆಯ ಶಿಕ್ಷಣವನ್ನು ನಿಜವಾಗಿ ಪಡೆದ ವೈದ್ಯನು ಮುಂದೆ ಒಂದು ಸಾಲನ್ನೂ ಪ್ರಕಟಿಸದಿದ್ದರೂ, ತನ್ನ ಬಳಿಗೆ ಬಂದ ಕೆಮ್ಮಿನವನಿಗೆ ಸೀಸೆಯನ್ನು ಕೊಟ್ಟು ಕಳುಹಿಸುವ ಮೊದಲು ಒಂದು ಗಳಿಗೆ ತಡೆಯುವನು. ‘ಎಷ್ಟು ದಿನದಿಂದ ಕೆಮ್ಮು?’ ಎಂದು ಕೇಳುವನು. ಆ ಒಂದು ಪ್ರಶ್ನೆಯಿಂದ ಉಳಿಯುವ ಪ್ರಾಣಗಳನ್ನು ಎಣಿಸಿದರೆ, ಮೂರು ವರ್ಷದ ವ್ಯಾಸಂಗದಲ್ಲಿ ಸಂಶೋಧನೆಗಾಗಿ ವೆಚ್ಚ ಮಾಡಿದ ಕಾಲವು ಹೆಚ್ಚಾಯಿತೆಂದು ಯಾರೂ ಹೇಳಲಾರರು.